ಕ್ಯಾಪ್ ಹಾಕಿಸಿದ ಹಲ್ಲೂ ನೋಯುತ್ತದೆಯೇ?

ಕಳೆದ ತಿಂಗಳು ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಒಂದನ್ನು ಬೇರೆಯೇ ತೆಗೆದಿಟ್ಟಿದ್ದೆ. ಬರೆದವರು ಗೃಹಿಣಿ, ವಯಸ್ಸು 52. ನಾಲ್ಕು ವರ್ಷಗಳ ಹಿಂದೆ ಕೆಳದವಡೆಯ ಬಲಬದಿಯ ದೊಡ್ಡ ಹಲ್ಲಿಗೆ ಕ್ಯಾಪ್ ಹಾಕಿಸಿದ್ದರಂತೆ. ಈಗ ಎರಡು ವಾರದಿಂದ ಅದೇ ಹಲ್ಲು ನೋಯುತ್ತಿದೆ. ಬಿಸಿ ಚಹಾ ಬಾಯಿಗೆ ಬಿದ್ದರೆ ಹತ್ತು ನಿಮಿಷ ಸಿಡಿತ, ತಣ್ಣೀರು ಬಾಯಲ್ಲಿ ಹಿಡಿದರೆ ಕೊಂಚ ಹಿತ, ರಾತ್ರಿ ಮಲಗಿದ ಮೇಲೆ ಕಿವಿಯವರೆಗೆ ನೋವು. ನೆರೆಯವರು ಮೆಡಿಕಲ್ ಶಾಪಿನಿಂದ ಐದು ದಿನದ ಗುಳಿಗೆ ತರಿಸಿ ಕೊಟ್ಟರು, ಪ್ರಯೋಜನವಾಗಲಿಲ್ಲ. ಒಂದು ಕ್ಲಿನಿಕ್ಕಿನಲ್ಲಿ "ಕೀಳಿಸಿ ಇಂಪ್ಲಾಂಟ್ ಹಾಕಿಸಿ" ಎಂದರು, ಇನ್ನೊಂದರಲ್ಲಿ "ಕ್ಯಾಪಿಗೇ ತೂತು ಮಾಡಿ ರೂಟ್ ಕೆನಾಲ್ ಮಾಡುವ" ಎಂದರು. ಮಗಳ ರೋಸಿಗೆ ಇನ್ನು ಆರು ವಾರ ಇದೆ. "ಕ್ಯಾಪ್ ಹಾಕಿಸಿದ ಮೇಲೆ ಆ ಹಲ್ಲಿನ ಚಿಂತೆ ಮುಗಿಯಿತು ಅಂತ ತಿಳಿದಿದ್ದೆ. ಯಾರ ಮಾತು ಕೇಳಲಿ?" ಎಂದು ಪತ್ರ ಮುಗಿಸಿದ್ದಾರೆ.

ಸಹೋದರಿ, ನಿಮ್ಮ ಪ್ರಶ್ನೆ ನಿಮ್ಮೊಬ್ಬರದ್ದಲ್ಲ. ಕ್ಯಾಪ್ ಎಂದರೆ ಹಲ್ಲಿಗೆ ಶಾಶ್ವತ ರಕ್ಷಣೆ ಎಂಬ ನಂಬಿಕೆ ನಮ್ಮ ಊರುಗಳಲ್ಲಿ ಬಹಳ ಮಂದಿಗೆ ಇದೆ. ಆದುದರಿಂದ ಮೊದಲು ಆ ಕ್ಯಾಪ್ ಅಂದರೆ ಏನು ಎಂದು ನೋಡೋಣ, ಆಮೇಲೆ ನಿಮ್ಮ ಹಲ್ಲಿಗೆ ಬರುತ್ತೇನೆ.

ಮಳೆಗಾಲಕ್ಕೆ ಮೊದಲು ತೋಟದ ಮನೆಯ ಮಾಡಿಗೆ ಹೊಸ ಶೀಟು ಹೊದೆಸುತ್ತೇವೆ. ಮೇಲಿನಿಂದ ನೀರು ಇಳಿಯುವುದಿಲ್ಲ. ಆದರೆ ಗೋಡೆಯ ಬುಡಕ್ಕೆ ಗೆದ್ದಲು ಹತ್ತಿದರೆ ಶೀಟು ಏನು ಮಾಡೀತು? ಕ್ಯಾಪ್ ಕೂಡ ಹಾಗೆಯೇ. ಅದು ಹಲ್ಲಿನ ಮೇಲ್ಭಾಗವನ್ನು ಮಾತ್ರ ಮುಚ್ಚುತ್ತದೆ. ವಸಡಿನ ಹತ್ತಿರ ಅದರ ಅಂಚು ಮುಗಿದ ಜಾಗದಿಂದ ಕೆಳಗೆ ನಿಮ್ಮದೇ ಹಲ್ಲು, ನಿಮ್ಮದೇ ಬೇರು, ಅದರ ಸುತ್ತ ನಿಮ್ಮದೇ ಎಲುಬು. ಕ್ಯಾಪಿಗೆ ಹುಳುಕು ಹಿಡಿಯುವುದಿಲ್ಲ ನಿಜ, ಅಂಚಿನ ಕೆಳಗಿನ ಹಲ್ಲಿಗೆ ಹಿಡಿಯುತ್ತದೆ. ಇನ್ನೊಂದು ಮಾತು. ಕ್ಯಾಪ್ ಕೂರಿಸಬೇಕಾದರೆ ಹಲ್ಲನ್ನು ಸುತ್ತಲೂ ಒಂದು, ಒಂದೂವರೆ ಮಿಲಿಮೀಟರು, ಮೇಲಿನಿಂದ ಒಂದೂವರೆ, ಎರಡು ಮಿಲಿಮೀಟರು ತೇಯಬೇಕು. ಒಳಗಿನ ನರ ಜೀವಂತ ಇದ್ದರೆ ಅದಕ್ಕೆ ಇದೊಂದು ಪೆಟ್ಟು. ಮೊದಲೇ ಆಳದ ಹುಳುಕಿನಿಂದ ಪೆಟ್ಟು ತಿಂದ ನರವಾದರೆ ಕೆಲವು ವರ್ಷ ತಡೆದುಕೊಂಡು ಆಮೇಲೆ ಸೋಲುವುದುಂಟು.

ಇಲ್ಲಿಯೇ ಎಲ್ಲದಕ್ಕೂ ಮೂಲವಾದ ಪ್ರಶ್ನೆ ಬರುತ್ತದೆ: ಆ ಹಲ್ಲಿಗೆ ಕ್ಯಾಪ್ ಹಾಕುವ ಮೊದಲು ರೂಟ್ ಕೆನಾಲ್ ಆಗಿತ್ತೇ, ಇಲ್ಲವೇ? ಹೆಚ್ಚಿನವರಿಗೆ ಇದು ನೆನಪಿರುವುದಿಲ್ಲ. "ಮೂರು ಸಲ ಹೋಗಿದ್ದೆ, ಏನೋ ಮಾಡಿದರು" ಎನ್ನುತ್ತಾರೆ. ನೀವೂ ಹಾಗೆಯೇ ಬರೆದಿದ್ದೀರಿ. ನೆನಪಿಲ್ಲದಿದ್ದರೂ ತೊಂದರೆ ಇಲ್ಲ, ಒಂದು ಸಣ್ಣ ಎಕ್ಸ್-ರೇ ಹೇಳುತ್ತದೆ. ರೂಟ್ ಕೆನಾಲ್ ಆಗಿದ್ದರೆ ಬೇರುಗಳ ಒಳಗೆ ಬಿಳಿ ಗೆರೆ ಕಾಣುತ್ತದೆ. ಆಗಿಲ್ಲದಿದ್ದರೆ ಆ ಗೆರೆ ಇರುವುದಿಲ್ಲ. ರಾಂಟ್ಜೆನ್ ಎಂಬ ಜರ್ಮನ್ ವಿಜ್ಞಾನಿ ಎಕ್ಸ್-ರೇ ಕಂಡುಹಿಡಿದದ್ದು 1895ರ ಕೊನೆಗೆ. ಮರುವರ್ಷವೇ, ಅಂದರೆ 1896ರಲ್ಲಿ, ಅದನ್ನು ಹಲ್ಲಿಗೆ ಬಳಸಿದರು. ಆಗ ಒಂದು ಚಿತ್ರಕ್ಕೆ 25 ನಿಮಿಷ ಅಲುಗದೆ ಕೂರಬೇಕಿತ್ತಂತೆ. ಈಗ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಎಕ್ಸ್-ರೇಗೆ ಹೆದರಬೇಡಿ, ಅದಿಲ್ಲದೆ ಕ್ಯಾಪಿನ ಹಲ್ಲಿನ ಬಗ್ಗೆ ತೀರ್ಮಾನ ಹೇಳುವವರಿಗೆ ಸ್ವಲ್ಪ ಹೆದರಬಹುದು.

ಹಾಗೆಂದು ಎಕ್ಸ್-ರೇ ಎಲ್ಲವನ್ನೂ ತೋರಿಸುವುದಿಲ್ಲ. ಲೋಹದ ಕ್ಯಾಪಿನ ಒಳಗೆ ಏನಿದೆ ಎಂದು ಅದಕ್ಕೆ ಕಾಣದು, ಬಿಳಿಯ ಜಿರ್ಕೋನಿಯಾ ಕ್ಯಾಪ್ ಆದರೂ ಅದೇ ಕತೆ. ಆದುದರಿಂದ ವೈದ್ಯರು ಕನ್ನಡಿಯ ಹಿಡಿಕೆಯಿಂದ ಹಲ್ಲನ್ನು ಮೆಲ್ಲನೆ ತಟ್ಟಿ ನೋಡುತ್ತಾರೆ, ಅಂಚಿನಲ್ಲಿ ತಣ್ಣಗಿನದ್ದನ್ನು ಮುಟ್ಟಿಸುತ್ತಾರೆ, ಒಂದು ಕಡ್ಡಿ ಕಚ್ಚಲು ಹೇಳುತ್ತಾರೆ, ಗೆರೆ ಹಾಕಿದ ಸಣ್ಣ ಕಡ್ಡಿಯಿಂದ ವಸಡಿನ ಸುತ್ತ ಆಳ ಅಳೆಯುತ್ತಾರೆ. ನೋಡಲು ಸಾಮಾನ್ಯ ಕೆಲಸ. ಆದರೆ ಯಾವ ಚಿಕಿತ್ಸೆ ಬೇಕೆಂದು ಗೊತ್ತಾಗುವುದು ಈ ಹತ್ತು ನಿಮಿಷದಲ್ಲಿ.

ಕ್ಯಾಪ್ ಕೂರಿಸಿ ಕೆಲವೇ ದಿನವಾಗಿ ಕಚ್ಚುವಾಗ ಮಾತ್ರ ನೋವಾದರೆ ಹೆಚ್ಚಾಗಿ ಅದು ಎತ್ತರದ ದೋಷ. ಕೂದಲೆಳೆಯಷ್ಟು ಎತ್ತರವಾದರೂ ಸಾಕು, ಬಾಯಿ ಮುಚ್ಚುವಾಗಲೆಲ್ಲ ಆ ಹಲ್ಲಿಗೇ ಮೊದಲ ಪೆಟ್ಟು. ಬಣ್ಣದ ಕಾಗದ ಕಚ್ಚಿಸಿ, ಗುರುತು ಬಿದ್ದಲ್ಲಿ ತೇಯ್ದರೆ ಐದು ನಿಮಿಷದಲ್ಲಿ ಮುಗಿಯುವ ಕೆಲಸ. "ಅಭ್ಯಾಸವಾಗುತ್ತದೆ" ಎಂದು ತಿಂಗಳುಗಟ್ಟಲೆ ಸಹಿಸುವವರಿದ್ದಾರೆ, ಸಹಿಸಬಾರದು. ಊಟವಾದ ಮೇಲೆ ಎರಡು ಹಲ್ಲುಗಳ ನಡುವೆ ಮೀನಿನ ಎಸಳೋ ಮಾಂಸದ ನಾರೋ ಸಿಕ್ಕಿ ಒತ್ತಿದಂತೆ ನೋವಾದರೆ ಕ್ಯಾಪಿಗೂ ಪಕ್ಕದ ಹಲ್ಲಿಗೂ ನಡುವೆ ಸಂದು ಉಳಿದಿದೆ ಎಂದರ್ಥ. ಇದು ವಸಡಿನ ನೋವು, ನರದ್ದಲ್ಲ. ಶುಚಿ ಮಾಡಿ, ಅಗತ್ಯವಿದ್ದರೆ ಕ್ಯಾಪ್ ಬದಲಾಯಿಸಿದರೆ ವಾಸಿಯಾಗುತ್ತದೆ. ಬೆಂಕಿಕಡ್ಡಿಯಿಂದ, ಸೀರೆಯ ಪಿನ್ನಿನಿಂದ ಕೆದಕಿ ಗಾಯ ಮಾಡಿಕೊಳ್ಳಬೇಡಿ.

ಅಂಟು ಬಿಟ್ಟ ಕ್ಯಾಪ್ ಇನ್ನೊಂದು ಬಗೆ. ಕಚ್ಚಿದರೆ ಅಲುಗುತ್ತದೆ, ಬಾಯಿ ವಾಸನೆ ಬರುತ್ತದೆ, ಒತ್ತಿದರೆ ಉಪ್ಪುಪ್ಪಾದ ನೀರು ಬರುತ್ತದೆ. ಕಳಚಿ ಕೈಗೆ ಬಂದರೆ ಎಸೆಯದೆ ತೊಳೆದು ಡಬ್ಬಿಯಲ್ಲಿ ಹಾಕಿ ವೈದ್ಯರ ಬಳಿಗೆ ಒಯ್ಯಿರಿ. ಒಳಗಿನ ಹಲ್ಲು ಗಟ್ಟಿ ಇದ್ದರೆ ಅದನ್ನೇ ಪುನಃ ಅಂಟಿಸಬಹುದು. ಮನೆಯಲ್ಲಿರುವ ಫೆವಿಕ್ವಿಕ್ ಹಾಕಿ ಕೂರಿಸಿಕೊಂಡು ಬಂದವರನ್ನು ನೋಡಿದ ದಂತವೈದ್ಯರು ಈ ಭಾಗದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ದಯವಿಟ್ಟು ಆ ಪ್ರಯೋಗ ಬೇಡ.

ಇನ್ನು ಒಳಗಿನ ನೋವು. ನಿಮ್ಮ ಪತ್ರದಲ್ಲಿ ಬಿಸಿ ಚಹಾದ ಮಾತು ಓದಿದಾಗಲೇ ನನಗೆ ಅನಿಸಿದ್ದು, ಈ ಹಲ್ಲಿನಲ್ಲಿ ಇನ್ನೂ ಜೀವವಿರುವ ನರ ಇದೆ ಎಂದು. ಸತ್ತ ನರಕ್ಕೆ ಬಿಸಿ ತಂಪು ತಿಳಿಯದು. ತಣ್ಣಗಿನದು ಮುಟ್ಟಿ ಝುಂ ಎಂದು ಎರಡು ಮೂರು ಕ್ಷಣದಲ್ಲಿ ಹೋದರೆ ನರಕ್ಕೆ ಇನ್ನೂ ಚೇತರಿಸಿಕೊಳ್ಳುವ ಶಕ್ತಿ ಇರಬಹುದು, ಕಾದು ನೋಡಲು ಅಡ್ಡಿಯಿಲ್ಲ. ಆದರೆ ಬಿಸಿ ತಾಗಿ ನಿಮಿಷಗಟ್ಟಲೆ ನಿಲ್ಲುವ ನೋವು, ತನ್ನಷ್ಟಕ್ಕೆ ಏಳುವ ನೋವು, ಮಲಗಿದರೆ ಹೆಚ್ಚುವ ನೋವು, ಇವು ನರ ಮರಳಿ ಸರಿಯಾಗದಷ್ಟು ಬಾತಿರುವ ಲಕ್ಷಣ. ಸುತ್ತ ಗಟ್ಟಿ ಗೋಡೆ, ಬಾತುಕೊಳ್ಳಲು ಜಾಗವಿಲ್ಲ. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚುವುದರಿಂದ ಸಿಡಿತವೂ ಹೆಚ್ಚುತ್ತದೆ. ಎರಡು ದಿಂಬು ಇಟ್ಟುಕೊಂಡರೆ ಸ್ವಲ್ಪ ಕಡಿಮೆಯಾಗುವುದು ಅದಕ್ಕೇ. ಮುಂದೊಂದು ದಿನ ಈ ನೋವು ಇದ್ದಕ್ಕಿದ್ದಂತೆ ನಿಂತುಹೋಗಲೂಬಹುದು. ಆಗ ಗುಣವಾಯಿತು ಎಂದುಕೊಳ್ಳಬೇಡಿ, ನರ ಸತ್ತಿರುತ್ತದೆ. ಆಮೇಲೆ ಬೇರಿನ ತುದಿಯಲ್ಲಿ ಕೀವು ಕಟ್ಟಲು ತೊಡಗುತ್ತದೆ.

ನೆರೆಯವರು ತಂದುಕೊಟ್ಟ ಗುಳಿಗೆ ಯಾಕೆ ಕೆಲಸ ಮಾಡಲಿಲ್ಲ ಎಂಬುದಕ್ಕೂ ಕಾರಣ ಇಲ್ಲಿದೆ. ಅಮಾಕ್ಸಿಸಿಲಿನ್‌ನಂಥ ಮದ್ದು ರಕ್ತದ ಮೂಲಕ ಹೋಗಬೇಕು. ಕೊಳೆತ ನರಕ್ಕೆ ರಕ್ತಸಂಚಾರವೇ ಇಲ್ಲ. ಇನ್ನೂ ಜೀವವಿದ್ದು ಬಾತ ನರದಲ್ಲಾದರೆ ತೊಂದರೆ ಇರುವುದು ಬಾವಿನಲ್ಲಿ, ಬ್ಯಾಕ್ಟೀರಿಯಾ ಕೊಂದರೆ ಆ ಬಾವು ಇಳಿಯದು. ಅಮೆರಿಕದ ದಂತವೈದ್ಯರ ಸಂಘ 2019ರಲ್ಲಿ ಇದನ್ನೇ ಸ್ಪಷ್ಟವಾಗಿ ಹೇಳಿತು: ಹಲ್ಲಿಗೆ ಚಿಕಿತ್ಸೆ ಕೂಡಲೇ ಸಿಗುವಂತಿದ್ದರೆ ಇಂಥ ನೋವಿಗೆ ಹೆಚ್ಚಿನ ವಯಸ್ಕರಿಗೆ ಆಂಟಿಬಯಾಟಿಕ್ ಬೇಡ. ಜ್ವರ ಬಂದರೆ, ಬಾವು ಹರಡುತ್ತಿದ್ದರೆ ಆ ಮಾತು ಬೇರೆ, ಆಗ ಬೇಕು, ಅದೂ ವೈದ್ಯರು ಬರೆದುಕೊಟ್ಟದ್ದು. ನೋವಿಗೆ ತಾತ್ಕಾಲಿಕವಾಗಿ ಪ್ಯಾರಾಸಿಟಮೋಲ್ ಅಥವಾ ಐಬುಪ್ರೊಫೆನ್ ಸಾಕಾಗುತ್ತದೆ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇದ್ದವರು, ರಕ್ತ ತೆಳುವಾಗಿಸುವ ಗುಳಿಗೆ ತಿನ್ನುವವರು, ಬಸುರಿಯರು ಐಬುಪ್ರೊಫೆನ್ ಅನ್ನು ಕೇಳದೆ ನುಂಗಬಾರದು. ಡೆಂಗ್ಯೂ ಇರುವ ಮಳೆಗಾಲದಲ್ಲಿ ಜ್ವರವೂ ಇದ್ದರೆ ಯಾರೂ ನುಂಗಬಾರದು. ಲವಂಗದ ಎಣ್ಣೆ ಹಳೆಯ ಮದ್ದು, ಸುಳ್ಳಲ್ಲ. ಅದರ ಯೂಜಿನಾಲ್ ಎಂಬ ಅಂಶವನ್ನು ದಂತವೈದ್ಯರು ತಾತ್ಕಾಲಿಕ ತುಂಬುವಿಕೆಯಲ್ಲಿ ಇಂದಿಗೂ ಬಳಸುತ್ತಾರೆ. ಆದರೆ ಮುಚ್ಚಿದ ಕ್ಯಾಪಿನ ಒಳಗೆ ಅದು ಹೋಗುವುದು ಹೇಗೆ? ವಸಡನ್ನು ಸುಡುವುದಷ್ಟೇ ಉಳಿಯುತ್ತದೆ. ಆಸ್ಪಿರಿನ್ ಗುಳಿಗೆಯನ್ನು ಹಲ್ಲಿನ ಬದಿಯಲ್ಲಿ ಇಟ್ಟುಕೊಳ್ಳುವುದೂ ಇದೇ ಸುಡುವ ಕೆಲಸ.

ಪ್ರಾಸಂಗಿಕವಾಗಿ ಒಂದು ಮಾತು. ಹಲ್ಲುನೋವಿನವರಿಗೆ ನಮ್ಮ ಧರ್ಮಸಭೆಯಲ್ಲಿ ಒಬ್ಬ ಸಂತೆ ಇದ್ದಾರೆ, ಸಂತ ಅಪೊಲೋನಿಯಾ. 249ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಹಿಂಸಿಸುವವರು ಆಕೆಯ ಹಲ್ಲುಗಳನ್ನೆಲ್ಲ ಹೊಡೆದು ಉದುರಿಸಿದರು. ಹಬ್ಬ ಫೆಬ್ರವರಿ 9. ಚಿತ್ರಗಳಲ್ಲಿ ಆಕೆಯ ಕೈಯಲ್ಲಿ ಹಲ್ಲು ಹಿಡಿದ ಇಕ್ಕಳ ಇರುತ್ತದೆ. ಮಧ್ಯಯುಗದ ಯುರೋಪಿನಲ್ಲಿ ಹಲ್ಲು ನೋಯುವವನಿಗೆ ಆಕೆಯ ಪ್ರಾರ್ಥನೆ ಮತ್ತು ಕ್ಷೌರಿಕನ ಇಕ್ಕಳ, ಇವೆರಡರ ಹೊರತು ಹೆಚ್ಚಿನ ದಾರಿ ಇರಲಿಲ್ಲ. ನಮಗೆ ಇನ್ನೂ ಕೆಲವು ದಾರಿಗಳಿವೆ, ಅದನ್ನು ಬರೆಯಲೆಂದೇ ಕೂತಿದ್ದೇನೆ.

ನಿಮ್ಮ ಹಲ್ಲಿಗೆ ಎಕ್ಸ್-ರೇಯಲ್ಲಿ ಬೇರು ಗಟ್ಟಿ ಇದೆ, ಮೊದಲು ರೂಟ್ ಕೆನಾಲ್ ಆಗಿಲ್ಲ, ಕ್ಯಾಪಿನ ಅಂಚು ಸರಿಯಾಗಿ ಕೂತಿದೆ ಎಂದಾದರೆ ಎರಡನೆಯ ಕ್ಲಿನಿಕ್ಕಿನವರು ಹೇಳಿದ್ದು ಮೊದಲ ಆಯ್ಕೆ. ಕ್ಯಾಪಿನ ನಡುವೆ ಸಣ್ಣ ತೂತು ಕೊರೆದು, ಅಲ್ಲಿಂದ ಬೇರಿನ ನಾಳಗಳನ್ನು ತೊಳೆದು, ತುಂಬಿಸಿ, ಕೊನೆಗೆ ಆ ತೂತನ್ನೂ ಮುಚ್ಚುತ್ತಾರೆ. ಲೋಹದ ಕ್ಯಾಪ್ ಆದರೆ ಅದು ಬಹಳ ಕಾಲ ಬರುತ್ತದೆ. ಪಿಂಗಾಣಿ ಹೊದಿಕೆಯದ್ದಾದರೆ ಕೊರೆಯುವಾಗ ಚಕ್ಕೆ ಏಳುವ ಸಾಧ್ಯತೆ ಇದೆ, ಮೊದಲೇ ಕೇಳಿಕೊಂಡಿರಿ. ಕ್ಯಾಪಿನ ಅಂಚಿನಲ್ಲಿ ಹುಳುಕು ಸೇರಿದ್ದರೆ ತೂತಿನ ದಾರಿ ಸಾಲದು. ಕ್ಯಾಪನ್ನು ಕತ್ತರಿಸಿ ತೆಗೆದು, ಹುಳುಕು ಬಿಡಿಸಿ, ಎಷ್ಟು ಹಲ್ಲು ಉಳಿದಿದೆ ಎಂದು ನೋಡಿ ಮುಂದುವರಿಯಬೇಕು. ವಸಡಿನ ಮೇಲೆ ಸುತ್ತಲೂ ಎರಡು ಮಿಲಿಮೀಟರಿನಷ್ಟಾದರೂ ಗಟ್ಟಿ ಹಲ್ಲು ಉಳಿದರೆ ಹೊಸ ಕ್ಯಾಪಿಗೆ ಹಿಡಿತ ಸಿಗುತ್ತದೆ. ಅಷ್ಟೂ ಇಲ್ಲದಿದ್ದರೆ ಹೊಸ ಕ್ಯಾಪಿಗೆ ಹಾಕಿದ ಹಣ ನೀರಿಗೆ ಹಾಕಿದಂತೆ.

ಮರಗಟ್ಟಿಸುವ ಇಂಜೆಕ್ಷನಿನ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ಲಿಗ್ನೊಕೇಯ್ನ್ ಎಂದು ನಾವು ಕರೆಯುವ ಮದ್ದನ್ನು ಸ್ವೀಡನ್ನಿನಲ್ಲಿ 1943ರಲ್ಲಿ ತಯಾರಿಸಿದರು, ಅಂದಿನಿಂದ ಹಲ್ಲಿನ ಕುರ್ಚಿಯ ಭಯ ಅರ್ಧ ಹೋಯಿತು. ಆದರೆ ಹೀಗೆ ಕೆಂಡವಾಗಿರುವ ಕೆಳದವಡೆಯ ಹಲ್ಲಿಗೆ ಒಂದೇ ಇಂಜೆಕ್ಷನ್ ಕೆಲವೊಮ್ಮೆ ಸಾಲದು, ಎರಡನೆಯದು ಬೇಕಾಗುತ್ತದೆ. ನೋವಾದರೆ ಕೈ ಎತ್ತಿ. ಸಹಿಸಿಕೊಂಡು ಕೂತರೆ ಯಾರೂ ಬಹುಮಾನ ಕೊಡುವುದಿಲ್ಲ. ಮತ್ತೊಂದು, ಹಲ್ಲಿನ ಸುತ್ತ ರಬ್ಬರಿನ ಹಾಳೆ ಕಟ್ಟುತ್ತಾರೆಯೇ ಎಂದು ಕೇಳಿ. ಸ್ಯಾನ್‌ಫೋರ್ಡ್ ಬಾರ್ನಮ್ ಎಂಬ ಅಮೆರಿಕದ ದಂತವೈದ್ಯ 1864ರಲ್ಲಿ ಬಳಕೆಗೆ ತಂದ ಉಪಾಯ ಅದು. ಎಂಜಲು ನಾಳದೊಳಗೆ ಹೋಗದು, ಸೂಜಿಯಂಥ ಉಪಕರಣ ಗಂಟಲಿಗೆ ಬೀಳದು. ಇಷ್ಟು ಹಳೆಯ, ಇಷ್ಟು ಅಗ್ಗದ ವಸ್ತುವನ್ನು ಇಂದಿಗೂ ಬಳಸದಿರುವ ಕ್ಲಿನಿಕ್ಕುಗಳಿರುವುದು ನನಗೆ ಅರ್ಥವಾಗದ ಸಂಗತಿ.

ಮೊದಲೇ ರೂಟ್ ಕೆನಾಲ್ ಆದ ಹಲ್ಲು ಪುನಃ ನೋಯತೊಡಗಿದರೆ ದಾರಿ ಬೇರೆ. ನಾಳವೊಂದು ಕೈತಪ್ಪಿ ಉಳಿದಿರಬಹುದು. ಮೇಲ್ದವಡೆಯ ಮೊದಲ ದೊಡ್ಡ ಹಲ್ಲಿನಲ್ಲಿ ಮೂರು ಬೇರು ಕಂಡರೂ ಹೆಚ್ಚಾಗಿ ನಾಲ್ಕು ನಾಳ ಇರುತ್ತವೆ, ಆ ನಾಲ್ಕನೆಯದು ಬಹಳ ಸಣ್ಣದು, ಸೂಕ್ಷ್ಮದರ್ಶಕ ಇಲ್ಲದೆ ಸುಲಭಕ್ಕೆ ಕಾಣದು. ಅಂಥಲ್ಲಿ ಹಳೆಯ ತುಂಬುವಿಕೆ ತೆಗೆದು ಪುನಃ ಮಾಡುತ್ತಾರೆ. ಅದು ಸಾಧ್ಯವಿಲ್ಲದಿದ್ದರೆ ವಸಡು ಬಿಡಿಸಿ ಬೇರಿನ ತುದಿಯನ್ನಷ್ಟೇ ಕತ್ತರಿಸಿ ಮುಚ್ಚುವ ಸಣ್ಣ ಶಸ್ತ್ರಚಿಕಿತ್ಸೆ ಇದೆ. ಎರಡಕ್ಕೂ ಬೇರುನಾಳದ ತಜ್ಞರೇ ಬೇಕು.

ಕೀಳಲೇಬೇಕಾದ ಹಲ್ಲೂ ಇದೆ. ಬೇರು ಉದ್ದಕ್ಕೆ ಸೀಳಿದ್ದರೆ ಯಾವ ಮದ್ದೂ ಅದನ್ನು ಕೂಡಿಸದು. ವಸಡಿನ ಸುತ್ತ ಅಳೆಯುವಾಗ ಬೇರೆಲ್ಲ ಕಡೆ ಸರಿ ಇದ್ದು ಒಂದೇ ಜಾಗದಲ್ಲಿ ಕಡ್ಡಿ ಆಳಕ್ಕೆ ಇಳಿದರೆ ವೈದ್ಯರಿಗೆ ಈ ಸಂಶಯ ಬರುತ್ತದೆ. ಮೊದಲ ಕ್ಲಿನಿಕ್ಕಿನವರು ಕೀಳಿಸಿ ಎಂದದ್ದು ಇಂಥ ಕಾರಣಕ್ಕೋ, ಎಲುಬು ಕರಗಿದ್ದಕ್ಕೋ, ಅಥವಾ ಸುಮ್ಮನೆಯೋ ಪತ್ರದಿಂದ ತಿಳಿಯುವುದಿಲ್ಲ. ಅವರನ್ನೇ ಕೇಳಿ: "ಡಾಕ್ಟ್ರೇ, ಈ ಹಲ್ಲು ಉಳಿಸಲು ಆಗದಿರುವ ಕಾರಣ ಎಕ್ಸ್-ರೇಯಲ್ಲಿ ತೋರಿಸಿ." ಒಳ್ಳೆಯ ವೈದ್ಯರು ಬೇಸರಿಸುವುದಿಲ್ಲ, ಬೆರಳಿಟ್ಟು ತೋರಿಸುತ್ತಾರೆ.

ಇಂಪ್ಲಾಂಟ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಟೈಟಾನಿಯಂ ಎಲುಬಿಗೆ ಬೆಸೆಯುತ್ತದೆಂದು ಸ್ವೀಡನ್ನಿನ ಬ್ರೊನೆಮಾರ್ಕ್ ಕಂಡುಕೊಂಡು, 1965ರಲ್ಲಿ ಮೊದಲ ರೋಗಿಗೆ ಕೂರಿಸಿದರು. ಹಲ್ಲೇ ಇಲ್ಲದವರಿಗೆ ಅದು ದೊಡ್ಡ ವರ. ಆದರೆ ಉಳಿಸಬಹುದಾದ ಹಲ್ಲಿಗೆ ಅದು ಬದಲಿಯಲ್ಲ. ಖರ್ಚು ರೂಟ್ ಕೆನಾಲಿನ ಹಲವು ಪಟ್ಟು. ಎಲುಬಿಗೆ ಬೆಸೆಯಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಕಾಯಬೇಕು, ಹಾಗಾಗಿ ಮಗಳ ರೋಸಿಗೆ ಮುಂಚೆ ಕೆಲಸ ಮುಗಿಯುವ ಹಾಗೆ ಕಾಣುವುದಿಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ, ಬೀಡಿ ಸಿಗರೇಟು ಇದ್ದರೆ ಸೋಲುವ ಭಯವೂ ಹೆಚ್ಚು. ಕಿತ್ತ ಜಾಗಕ್ಕೆ ಬ್ರಿಡ್ಜ್ ಮಾಡಬಹುದು, ಆದರೆ ಎರಡು ಬದಿಯ ಒಳ್ಳೆಯ ಹಲ್ಲುಗಳನ್ನು ತೇಯಬೇಕು. ತೆಗೆದು ಹಾಕುವ ಹಲ್ಲು ಅಗ್ಗ. ತೀರಾ ಕೊನೆಯ ಹಲ್ಲಾದರೆ ಏನೂ ಹಾಕದೆ ಬಿಟ್ಟರೂ ಅನೇಕರಿಗೆ ನಡೆಯುತ್ತದೆ. ಕೀಳಿಸುವ ಮೊದಲು ರಕ್ತ ತೆಳುವಾಗಿಸುವ ಗುಳಿಗೆಯನ್ನು ನೀವೇ ನಿಲ್ಲಿಸಬೇಡಿ. ಎಲುಬು ಸವೆತಕ್ಕೆ ಇಂಜೆಕ್ಷನ್ ಅಥವಾ ವಾರದ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ಹೇಳಿ. ಅಂಥವರಿಗೆ ದವಡೆಯ ಗಾಯ ಮಾಯದೆ ಎಲುಬು ಸಾಯುವ ತೊಂದರೆ ಕೆಲವೊಮ್ಮೆ ಬರುತ್ತದೆ.

ನಮ್ಮ ಕಾಸರಗೋಡು ಭಾಗದವರಿಗಾಗಿಯೇ ಅಡಿಕೆಯ ವಿಷಯ ಸೇರಿಸಬೇಕು. ಅಡಿಕೆ ನಮ್ಮ ಅನ್ನ, ಒಪ್ಪುತ್ತೇನೆ. ಬೆಳೆದು ಮಾರುವುದು ಬೇರೆ, ವರ್ಷಗಟ್ಟಲೆ ಜಗಿಯುವುದು ಬೇರೆ. ಒಣ ಅಡಿಕೆ ಜಗಿದು ಹಲ್ಲು ಸವೆಯುತ್ತದೆ, ಬಿರುಕು ಬಿಡುತ್ತದೆ. ಅದಕ್ಕಿಂತ ಕಷ್ಟದ್ದು, ಕೆನ್ನೆಯ ಒಳಭಾಗ ನಾರುಗಟ್ಟಿ ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ. ಎರಡು ಬೆರಳು ಹೋಗದ ಬಾಯಲ್ಲಿ ಹಿಂದಿನ ದೊಡ್ಡ ಹಲ್ಲಿಗೆ ರೂಟ್ ಕೆನಾಲ್ ಮಾಡುವುದು ಹೇಗೆ? ಅಂಥವರ ಉಳಿಸಬಹುದಾದ ಹಲ್ಲೂ ಎಷ್ಟೋ ಸಲ ಕೀಳುವ ಹಲ್ಲಾಗುತ್ತದೆ. ಸಾಂತಾಣಿ, ಕ್ರಿಸ್ಮಸಿನ ಗಟ್ಟಿ ಗುಳಿಯೊ, ಚಕ್ಕುಲಿ ಇವುಗಳನ್ನು ಪಿಂಗಾಣಿ ಕ್ಯಾಪಿನ ಬದಿಯಿಂದ ಕಚ್ಚದಿದ್ದರೆ ಒಳ್ಳೆಯದು, ಕೋರಿರೊಟ್ಟಿಯಾದರೆ ಸಾರಿನಲ್ಲಿ ನೆನೆಯಲು ಬಿಡಿ, ಅದಕ್ಕೆ ರುಚಿಯೂ ಆಗಲೇ.

ಖರ್ಚಿನ ಚಿಂತೆ ಇದ್ದರೆ ದಂತವೈದ್ಯ ಕಾಲೇಜುಗಳನ್ನು ಮರೆಯಬೇಡಿ. ತೊಕ್ಕೊಟ್ಟಿನಲ್ಲಿ ಬಸ್ ಇಳಿದು ದೇರಳಕಟ್ಟೆಗೆ ಹೋದರೆ ಒಂದಕ್ಕಿಂತ ಹೆಚ್ಚು ಕಾಲೇಜುಗಳಿವೆ, ಮಂಗಳೂರು ಪೇಟೆಯಲ್ಲೂ ಇದೆ, ದಕ್ಷಿಣದವರಿಗೆ ಪೊಯಿನಾಚಿ ಹತ್ತಿರ. ಅಲ್ಲಿ ಬೇರುನಾಳದ ವಿಭಾಗದಲ್ಲಿ ಉನ್ನತ ವ್ಯಾಸಂಗದ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರು ಕೆಲಸ ಮಾಡುತ್ತಾರೆ. ನಿಧಾನ ಹೌದು, ಎರಡು ಮೂರು ಸಲ ಹೋಗಬೇಕು, ಬೆಳಗ್ಗೆ ಬೇಗ ಹೊರಡಬೇಕು. ಹಳೆಯ ಎಕ್ಸ್-ರೇ, ಚೀಟಿ, ತಿನ್ನುವ ಗುಳಿಗೆಗಳ ಪಟ್ಟಿ ಜೊತೆಗಿರಲಿ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದಾಗ ನಮ್ಮವರು ಮಂಗಳೂರಿನ ಆಸ್ಪತ್ರೆ ಸೇರಲಾಗದೆ ಎಷ್ಟು ಕಷ್ಟಪಟ್ಟರು, ಕೆಲವರು ಜೀವವನ್ನೇ ಕಳೆದುಕೊಂಡರು ಎಂಬುದು ನಮಗೆ ಮರೆಯುವ ವಿಷಯವಲ್ಲ. ಗಡಿಯ ಈಚೆ ಹತ್ತಿರದಲ್ಲಿ ಯಾವ ದಂತವೈದ್ಯರಿದ್ದಾರೆ, ಯಾರ ಬಳಿ ಏನು ಆಗುತ್ತದೆ ಎಂದು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ.

ಕಾಯಬಾರದ ಗಳಿಗೆಯೂ ಇದೆ. ದವಡೆಯ ಕೆಳಗೆ ಗಟ್ಟಿಯಾಗಿ ಬಾತು ನಾಲಗೆ ಮೇಲೆದ್ದಂತೆ ಆದರೆ, ಎಂಜಲು ನುಂಗಲು ಕಷ್ಟವಾದರೆ, ಬಾಯಿ ತೆರೆಯದೆ ಜ್ವರ ಬಂದರೆ ಅದು ಹಲ್ಲಿನ ಕ್ಲಿನಿಕ್ಕಿನ ಕೆಲಸವಲ್ಲ. ಉಸಿರಿನ ದಾರಿ ಕಟ್ಟಬಹುದು, ರಾತ್ರಿ ಎರಡು ಗಂಟೆಯಾದರೂ ದೊಡ್ಡ ಆಸ್ಪತ್ರೆಗೆ ಹೊರಡಿ. ಇದಕ್ಕೆ ಬಿಸಿ ಶಾಖ ಕೊಡುತ್ತಾ ಕೂರಬೇಡಿ. ಹಾಗೆಯೇ ಹತ್ತುವಾಗ, ನಡೆಯುವಾಗ ಎಡದವಡೆ ನೋಯತೊಡಗಿ ನಿಂತಾಗ ಕಡಿಮೆಯಾದರೆ ಹಲ್ಲನ್ನಲ್ಲ, ಹೃದಯವನ್ನು ತೋರಿಸಿ. ಶೀತವಾಗಿ ಮೂಗು ಕಟ್ಟಿದಾಗ ಮೇಲ್ದವಡೆಯ ಹಿಂದಿನ ಹಲ್ಲುಗಳೆಲ್ಲ ಒಟ್ಟಿಗೆ ಭಾರವಾಗಿ ನೋಯುವುದು ಸೈನಸಿನದ್ದು.

ಸಹೋದರಿ, ನಿಮಗೆ ಆರು ವಾರ ಇದೆ ಎಂದು ಹಿಂದೆಮುಂದೆ ನೋಡಬೇಡಿ, ಈ ವಾರವೇ ಹೋಗಿ. ರೂಟ್ ಕೆನಾಲ್ ಆಗುತ್ತದೆ ಎಂದಾದರೆ ಎರಡು ಅಥವಾ ಮೂರು ಭೇಟಿ. ಆದ ಮೇಲೆ ಕೆಲವು ದಿನ ಕಚ್ಚುವಾಗ ಸ್ವಲ್ಪ ನೋವಿರುತ್ತದೆ, ಗಾಬರಿ ಬೇಡ, ಆ ಬದಿಯಿಂದ ಜಗಿಯಬೇಡಿ. ಮೆಟ್ರೊನಿಡಜೋಲ್ ಗುಳಿಗೆ ಬರೆದುಕೊಟ್ಟಿದ್ದರೆ ಅದು ಮುಗಿಯುವವರೆಗೆ, ಮುಗಿದ ಮೇಲೂ ಎರಡು ಮೂರು ದಿನ ವೈನ್ ಮುಟ್ಟಬೇಡಿ, ರೋಸಿನ ಮನೆಯಲ್ಲಿ ಯಾರಾದರೂ ಒತ್ತಾಯ ಮಾಡುತ್ತಾರೆಂದು ಈಗಲೇ ಹೇಳಿಟ್ಟೆ. ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಒಂದು ಎಕ್ಸ್-ರೇ ತೆಗೆಸಿ ಬೇರಿನ ತುದಿ ನೋಡಿಸಿಕೊಳ್ಳಿ. ಯಾವ ವೈದ್ಯರು ಏನು ಹೇಳಿದರು ಎಂದು ಬರೆಯಿರಿ, ಸಾಧ್ಯವಾದರೆ ಎಕ್ಸ್-ರೇಯ ಪ್ರತಿಯನ್ನೂ ಜೊತೆಗಿಡಿ.